ಬೈ ಕಳಕವ್ವ

ಕಳಕವ್ವನಿಗೆ ಓದು ಬಂದದ್ದು ಬಸ್ಸಿನ ಬೋರ್ಡುಗಳಿಂದ. ತವರೂರು ಪುರ್ತಗೇರಿಯಲ್ಲಿ ಶಾಲೆಯ ವಯಸ್ಸು ಶೇಂಗಾ ಹೊಲದಲ್ಲಿ ಕಸ ತೆಗೆಯುವುದರಲ್ಲೇ ಕಳೆದಿತ್ತು. ಲಗ್ನವಾಗಿ ಗಜೇಂದ್ರಗಡಕ್ಕೆ ಬಂದ ಮೇಲೆ ಅತ್ತೆ ಮಗ್ಗ ಕಲಿಸಿದಳು, ಬಸ್ ಸ್ಟ್ಯಾಂಡು ಅಕ್ಷರ ಕಲಿಸಿತು. ರೋಣ, ನರಗುಂದ, ಸವಡಿ ಎಂದು ಒಂದೊಂದೇ ಅಕ್ಷರ ಕೂಡಿಸಿ ಓದುವುದು ರೂಢಿಯಾಯಿತು. ಐವತ್ತು ದಾಟಿದ ಮೇಲೂ ಹಾಗೆಯೇ ಓದುತ್ತಾಳೆ: ನಿಧಾನವಾಗಿ, ಗಟ್ಟಿಯಾಗಿ, ಬರೆದದ್ದನ್ನು ಬರೆದ ಹಾಗೆಯೇ ನಂಬಿಕೊಂಡು.

ಅವಳು ನೇಯ್ದ ಸೀರೆಗಳು ಇಷ್ಟು ವರ್ಷ ತೋಟಪ್ಪ ಸಾವ್ಕಾರರ ಅಂಗಡಿಯ ಹೆಸರಿನಲ್ಲೇ ಹೋಗುತ್ತಿದ್ದವು. ಈಗ ಅವರ ಸೊಸೆ ಗೌತಮಿ ಫೋನಿನಲ್ಲಿ ಫೋಟೋ ಹಾಕಿ ಮಾರುತ್ತಾಳೆ. ಹುಬ್ಬಳ್ಳಿಯ ಗಿರಾಕಿಯೊಬ್ಬರು ನೇಯ್ದವರ ಹೆಸರೂ ಸೀರೆಯ ಜೊತೆ ಬೇಕು ಎಂದಾಗ ಗೌತಮಿ ಒಂದು ಕಟ್ಟು ಚೀಟಿ ಅಚ್ಚು ಹಾಕಿಸಿದಳು. ಆ ವಾರವೆಲ್ಲ ಕಳಕವ್ವ ಓಣಿಯಲ್ಲಿ ಸಿಕ್ಕವರಿಗೆಲ್ಲ, ‘ನನ್ನ ಹೆಸರು ಹುಬ್ಬಳ್ಳಿಗೆ ಹೊಂಟೈತಿ’ ಎನ್ನುತ್ತ ತಿರುಗಿದಳು.

ಸೀರೆ ಒಯ್ಯಲು ಮಾವ, ಸೊಸೆ ಇಬ್ಬರೂ ಚೀಟಿಯ ಕಟ್ಟು ಹಿಡಿದು ಬಂದರು. ಹುಬ್ಬಳ್ಳಿ ಬಸ್ಸಿಗೆ ಪಾರ್ಸೆಲ್ ಹಾಕಬೇಕಿತ್ತು. ಕಳಕವ್ವ ಮೊದಲು ಚೀಟಿ ಕೇಳಿ ತೆಗೆದುಕೊಂಡು ಓದಿದಳು.

‘ಕೈಮಗ್ಗದ ಸೀರೆ... ಬೈ... ಕಳಕವ್ವ.’

ಮತ್ತೊಮ್ಮೆ ಓದಿದಳು. ಮಡಚಿಟ್ಟ ಸೀರೆಯನ್ನು ಎತ್ತಿ ಬಗಲಲ್ಲಿ ಇರುಕಿಕೊಂಡಳು.

‘ಯಾಕ ಬೈಬೇಕ್ರಿ? ನಾ ಏನ್ ಮಾಡೀನಿ?’

‘ಅಯ್ಯ ದೊಡ್ಡವ್ವ, ಅದು ಇಂಗ್ಲಿಷು!’ ಗೌತಮಿ ನಕ್ಕಳು. ‘ಬೈ ಅಂದ್ರ ನೀವ ಮಾಡಿದ್ದು ಅಂತ.’

‘ಹಂಗಾರ ಬೈ ಟೂ ಚಾ ಅಂತಾರಲ್ಲ, ಅದನ್ನ ಇಬ್ಬರು ಕೂಡಿ ಕಾಸ್ತಾರೇನು?’

‘ಅದು ಬ್ಯಾರೆ ಬೈ. ಪಾಲ ಮಾಡೂದು.’

‘ಬೈಪಾಸ್?’

‘ಅದು ಊರ ಬಗಲಿಗೆ ಹಾದು ಹೋಗೂದು.’

‘ಮೊನ್ನೆ ಸಾವ್ಕಾರ್ರು ಬ್ಯಾರೆ ಬಣ್ಣದ ನೂಲು ಕಳಿಸಿ, ಬೈ ಮಿಸ್ಟೇಕ್ ಆತವಾ ಅಂದ್ರಲ್ಲ?’

ಗೌತಮಿ ತಡವರಿಸಿದಳು. ‘ಅದು... ತಪ್ಪಿಲೆ ಆಗೂದು.’

‘ನೋಡ್ರಿ ಮತ್ತ. ಪಾಲು, ಬಗಲು, ತಪ್ಪು. ಒಂದರಾಗೂ ನೇಯೂ ಮಾತಿಲ್ಲ.’

ತೋಟಪ್ಪ ಗಡಿಯಾರ ನೋಡಿಕೊಂಡು ಜೇಬಿನಿಂದ ಪೆನ್ನು ತೆಗೆದರು. ‘ಲಗೂ ಕೊಡವಾ, ಬಸ್ಸು ಬಿಡತೈತಿ. ಕಳಕವ್ವನಿಂದ ಅಂತ ತಿದ್ದತೀನಿ, ಆತಿಲ್ಲೋ?’

‘ಅದೂ ಬ್ಯಾಡ್ರಿ. ಸೀರಿ ತಡಾ ಆದಾಗೆಲ್ಲ ಅಂಗಡ್ಯಾಗ ನಿಂತು ಏನಂತೀರಿ? ಎಲ್ಲಾ ಈ ಕಳಕವ್ವನಿಂದ ಆತು ಅಂತೀರಿ. ಹುಬ್ಬಳ್ಳಿಯವರಿಗೂ ಅದನ್ನ ಹೇಳ್ತೀರೇನು?’

ಮಾತು ನಿಜವಾಗಿತ್ತು. ತೋಟಪ್ಪನವರಿಗೆ ಸಿಟ್ಟು ಬಂತು. ‘ಹಂಗಾರ ಹೆಸರ ತಗದು ಬಿಡೂಣು. ಮೊದಲಿನಂಗ ಅಂಗಡಿ ಹೆಸರ ಇರಲಿ.’

ಈಗ ಮುಖ ಸಣ್ಣದಾದದ್ದು ಕಳಕವ್ವನದು. ಓಣಿಗೆಲ್ಲ ಹೇಳಿಕೊಂಡಾಗಿತ್ತು. ‘ಹೆಸರು ಇರಬೇಕ್ರಿ,’ ಎಂದಳು ಮೆಲ್ಲಗೆ. ‘ಬೈಗಳ ಇರಬಾರದು.’

ಗೌತಮಿ ನಗುವುದನ್ನು ಬಿಟ್ಟು ಕಟ್ಟೆಯ ಮೇಲೆ ಕೂತಳು. ‘ದೊಡ್ಡವ್ವ, ಈ ಸೀರಿ ಯಾರು ನೇದಾರ ಅಂತ ಓಣ್ಯಾಗ ಯಾರರ ಕೇಳಿದ್ರ ಏನಂತೀರಿ?’

‘ನಾ ನೇದೀನಿ ಅಂತೀನಿ. ಮತ್ತೇನನ್ನಲಿ?’

ಗೌತಮಿ ಮಾವನ ಕೈಯಿಂದ ಪೆನ್ನು ತೆಗೆದುಕೊಂಡಳು. ‘ಬೈ’ ಹೊಡೆದುಹಾಕಿ, ಹೆಸರಾದ ಮೇಲೆ ಒಂದು ಪದ ಸೇರಿಸಿ ಚೀಟಿ ಮರಳಿ ಕೊಟ್ಟಳು.

‘ಕೈಮಗ್ಗದ ಸೀರೆ. ಕಳಕವ್ವ... ನೇಯ್ದದ್ದು.’

ಸೀರೆ ಬಗಲಿನಿಂದ ಇಳಿಯಿತು. ‘ಉಳಿದ ಚೀಟಿ?’

‘ಅವನ್ನ ನಾಳೆ ನೋಡೂಣವಾ,’ ಎಂದರು ತೋಟಪ್ಪ.

‘ನಾಳೆ ಯಾಕ್ರಿ? ಗೌತಮಿ ಬಸ್ಸಿಗೆ ಹಾಕಿ ಬರ್ಲಿ. ನೀವು ಕುಂದರ್ರಿ, ಪೆನ್ನು ಐತೆಲ್ಲ.’

ಸೊಸೆ ಪಾರ್ಸೆಲ್ ಹಿಡಿದು ಸ್ಕೂಟಿ ಹತ್ತಿದಳು. ಸಾವ್ಕಾರರು ಕಟ್ಟೆಯ ಮೇಲೆ ಕೂತು, ಗೊಣಗುತ್ತ, ಒಂದೊಂದೇ ‘ಬೈ’ ಹೊಡೆದುಹಾಕಿ ‘ನೇಯ್ದದ್ದು’ ಬರೆಯತೊಡಗಿದರು.

‘ಬಾಯಿಲೆ ಎಷ್ಟ ಬೇಕಾದರೂ ಬೈರಿ ಸಾವ್ಕಾರ್ರ,’ ನೇಯಲು ಮಗ್ಗದ ಕೆಳಗಿನ ಕುಣಿಗೆ ಇಳಿಯುತ್ತ ಕಳಕವ್ವ ಹೇಳಿದಳು. ‘ಚೀಟ್ಯಾಗ ಮಾತ್ರ ಬ್ಯಾಡ.’