ಅರ್ಧ ಬೆಲೆಯ ಹಾಸು
ನಮ್ಮ ಬಿಶ್ಕೆಕ್‌ನ ಕಲಾಶಾಲೆಯಲ್ಲಿ ಎರ್ಮೆಕ್‌ನಂಥವನು ವರ್ಷಕ್ಕೊಬ್ಬ ಹುಟ್ಟುತ್ತಾನೆ. ಯಾರ ಕಾಲಲ್ಲಿ ಹೊಸ ಬೂಟು ಕಂಡರೂ ಅವನಿಗೆ ಗಂಟಲಲ್ಲಿ ಚಹಾ ಇಳಿಯುವುದಿಲ್ಲ. "ಬೈಕೆ, ನೀವು ಕ್ರಾಂತಿ ಅಂತ ಚೌಕದಲ್ಲಿ ಲಾಠಿ ತಿಂದಿದ್ದು ಈ ಅಂಗಡಿ ಸಾಲಿಗಾ?" ಎಂದು, ಅಣ್ಣ ಅಂತಲೇ ಕರೆದು, ಪಾಠ ಹೇಳುವ ನನ್ನನ್ನೇ ತಿವಿಯುತ್ತಾನೆ, ನನ್ನದೇ ರೊಟ್ಟಿ ಮುರಿದು ತಿನ್ನುತ್ತ. ಗೆಳತಿಯ ಕೈಚೀಲದ ಮೇಲೆ ಭಾಷಣ ಬಿಗಿದು ಗೆಳತಿಯನ್ನೂ ಕಳೆದುಕೊಂಡ. ಈ ಸಲದ ಪ್ರದರ್ಶನದಲ್ಲಿ ತಾಯಿ ಹೊಲಿದ ಉಣ್ಣೆಯ ಹಾಸನ್ನು ಗೋಡೆಗೆ ಮೊಳೆ ಹೊಡೆದು, ‘ಅರ್ಧ ಬೆಲೆಗೆ’ ಎಂಬ ಚೀಟಿ ಅಂಟಿಸಿದ. ಪೇಟೆಯ ಮುಖಕ್ಕೆ ಅವನು ಉಗಿದ ಪರಿ ಅದು. ಎರಡು ಬಣ್ಣದ ಉಣ್ಣೆಯ ಹಾಳೆಗಳನ್ನು ಒಟ್ಟಿಗೇ ಬಳ್ಳಿಯ ಆಕಾರಕ್ಕೆ ಕತ್ತರಿಸಿ, ಇದರ ಬಳ್ಳಿಯನ್ನು ಅದಕ್ಕೆ, ಅದರದನ್ನು ಇದಕ್ಕೆ ಕೂಡಿಸುವುದರಿಂದ ನಮ್ಮಲ್ಲಿ ಹಾಸು ಹುಟ್ಟುವುದೇ ಜೋಡಿಯಾಗಿ. ಇದರ ಜೋಡಿಯನ್ನು ಅವನ ತಂಗಿಯ ಮದುವೆಗೆಂದು ಊರಲ್ಲಿ ಮಡಚಿಟ್ಟಿದ್ದರು. ಊರಿಂದ ಬಂದ ತಾಯಿ ಚೀಟಿ ಓದಿದಳು, ಮುಖ ಅರಳಿತು. "ಯಾರಾದ್ರೂ ಕೇಳಿದ್ರೇನೋ? ಜೋಡೀನೂ ತಂದ್ಬಿಡ್ಲಾ? ಮನೇಲಿ ಕಲ್ಲಿದ್ದಲು ಮುಗ್ದೋಗಿದೆ, ನಿನ್ ತಂಗಿ ಕೆಮ್ಮಿ ಕೆಮ್ಮಿ ರಕ್ತ ಉಗೀತಾಳೆ." "ಅಮ್ಮಾ, ಇದು ಮಾರೋಕಲ್ಲ. ಕೊಳ್ಳೋರನ್ನ ಬಯ್ಯೋಕೆ." ತಾಯಿ ಬಾಗಿಲ ಕಡೆ ನೋಡಿದಳು, ತುಪ್ಪಳದ ಕೋಟಿನ ದಂಪತಿ ಒಳಬರುತ್ತಿದ್ದರು. "ಹಂಗಾದ್ರೆ ಅವ್ರು ಹೋಗೋವರ್ಗೂ ಬಾಯ್ಮುಚ್ಕೊಂಡಿರಪ್ಪಾ." ಎರ್ಮೆಕ್ ಮುಚ್ಚಿಕೊಂಡ.