ಸೀಟು ತುಂಬಿಹೋಯಿತಂತೆ

ಅವತ್ತು ನಾನು ‘ತುಂಬೋಯ್ತು’ ಎಂದೆನೋ, ‘ತುಂಬೋಯ್ತಂತೆ’ ಎಂದೆನೋ — ಈಗ ಖಚಿತವಿಲ್ಲ. ಏಳು ವರ್ಷವಾಗುತ್ತ ಬಂತು. ಎರಡರಲ್ಲಿ ಯಾವುದನ್ನು ಹೇಳಿದ್ದರೂ ಅದು ಸುಳ್ಳು. ಆ ವಿಷಯದಲ್ಲಿ ಮಾತ್ರ ಸಂಶಯವಿಲ್ಲ. ‘ಅಂತೆ’ ಸೇರಿಸಿದ್ದರೆ ಬೇರೆ ಯಾರೋ ಹೇಳಿದ್ದನ್ನು ದಾಟಿಸಿದ ಹಾಗಾಯಿತು, ಹೊಣೆ ಅರ್ಧ ಇಳಿಯಿತು — ಹೀಗೆ ನನ್ನೊಳಗೇ ಎಷ್ಟೋ ಸಲ ವಾದಿಸಿದ್ದೇನೆ. ಆದರೆ ಹಾಗೆ ಹೇಳಿದವರು ಯಾರೂ ಇರಲಿಲ್ಲ. ಬನ್ನಿಮಂಟಪದ ಕಡೆಯ ಸರ್ಕಾರಿ ಶಾಲೆಯೊಂದರ ಒಂದನೇ ತರಗತಿಯಲ್ಲಿ ಇನ್ನೂ ನಾಲ್ಕು ಸೀಟು ಇದ್ದವು. ನನಗೆ ಗೊತ್ತಿತ್ತು. ಮಂಜುಳಾ ಕೇಳಿದಾಗ ಇಲ್ಲ ಎಂದೆ.

ನಾನು ತತ್ವಶಾಸ್ತ್ರದಲ್ಲಿ ಎಂ.ಎ. ಮಾಡಿದವನು, ಪದವಿ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕ. ಯಾರು ಏನು ಹೇಳಿದರೂ ‘ಅದು ನಿಮಗೆ ಹೇಗೆ ಗೊತ್ತು?’ ಎಂದು ಕೇಳುವ ಚಟ. ಮಂಜುಳಾ ಲಷ್ಕರ್ ಮೊಹಲ್ಲಾದಲ್ಲಿ ನಮ್ಮದೇ ಸಾಲಿನಲ್ಲಿ, ಎರಡು ಮನೆ ಆಚೆ ಇರುವವರು. ನಂಜನಗೂಡು ಕಡೆಯ ಹಳ್ಳಿಯಿಂದ ಬಂದ ಕುಟುಂಬ. ಗಂಡನಿಗೆ ಮಂಡಿ ಮೊಹಲ್ಲಾದ ಸಗಟು ಅಂಗಡಿಯಲ್ಲಿ ಕೆಲಸ, ಆಕೆ ಮನೆಯಲ್ಲೇ ಬ್ಲೌಸ್ ಹೊಲಿಯುತ್ತಾರೆ. ಅವರ ಮಗಳು ಸಿಂಚನಾ, ನನ್ನ ಮಗಳು ಅದಿತಿ — ಒಂದೇ ವಯಸ್ಸು.

ಮಕ್ಕಳನ್ನು ಶಾಲೆಗೆ ಸೇರಿಸುವ ಮೊದಲಿನ ಬೇಸಿಗೆಯಲ್ಲಿ ನಾವು ಸುತ್ತಮುತ್ತಲ ಸರ್ಕಾರಿ ಶಾಲೆಗಳನ್ನು ನೋಡಿದ್ದೇ ನೋಡಿದ್ದು. ನಾನು ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು ಬರೆದುಕೊಳ್ಳುತ್ತಿದ್ದೆ: ಮಕ್ಕಳೆಷ್ಟು, ಶಿಕ್ಷಕರೆಷ್ಟು, ದೊಡ್ಡ ರಸ್ತೆ ದಾಟಬೇಕೋ ಇಲ್ಲವೋ. ಮಂಜುಳಾ ಗೇಟು ದಾಟಿದರೆ ನೇರ ಶೌಚಾಲಯದ ಕಡೆ ನಡೆದುಬಿಡುತ್ತಿದ್ದರು.

“ಟೀಚರ್ರು ಏನ್ ಓದವ್ರೆ ಅಂತೆಲ್ಲ ಬರ್ಕೊಂಡ್ರಿ. ಬಾಗ್ಲಿಗೆ ಒಳಗಡೆ ಚಿಲ್ಕ ಅದಾ ನೋಡುದ್ರಾ, ಮೇಷ್ಟ್ರೇ?”

“ಇಲ್ಲ.”

“ಇನ್ನೇನ್ ನೋಡುದ್ರಿ ಬುಡಿ!”

ನಕ್ಕು, ‘ಚಿಲಕ’ ಎಂದು ಇನ್ನೊಂದು ಕಾಲಂ ಹಾಕಿಕೊಂಡೆ.

ಕೊನೆಗೆ ಇಬ್ಬರನ್ನೂ ಬೀದಿಯ ತುದಿಯ ಕನ್ನಡ ಶಾಲೆಗೇ ಸೇರಿಸಿದೆವು. ಐದು ತರಗತಿಗೆ ಇಬ್ಬರೇ ಶಿಕ್ಷಕಿಯರು. ಕೆಲವು ವಾರ ಕಳೆದ ಮೇಲೆ ಸುದ್ದಿ ಬಂತು — ಬನ್ನಿಮಂಟಪದ ಕಡೆಯ ಶಾಲೆಯಲ್ಲಿ ಇಂಗ್ಲಿಷ್ ಮಾಧ್ಯಮ ಶುರುವಾಗಿದೆ, ಮೂವತ್ತೇ ಮಕ್ಕಳಿಗೆ. ಅಲ್ಲಿ ತರಗತಿಗೊಬ್ಬರು ಶಿಕ್ಷಕರಿದ್ದರು. ಚಿಲಕವೂ ಇತ್ತು. ನಮ್ಮ ಶಾಲೆಯ ಮುಖ್ಯೋಪಾಧ್ಯಾಯಿನಿ ಟಿ.ಸಿ. ಎಂದರೆ ಮುಖ ಸಣ್ಣದು ಮಾಡಿಕೊಂಡರು. “ಮಕ್ಕಳು ಕಮ್ಮಿ ಆದ್ರೆ ಒಂದು ಪೋಸ್ಟ್ ಎತ್ತಿಬಿಡ್ತಾರೆ ಸಾರ್. ಇರೋ ಮಕ್ಕಳ ಗತಿ...” ಎಂದು ಅಷ್ಟಕ್ಕೇ ನಿಲ್ಲಿಸಿದರು.

ಮಂಜುಳಾಗೆ ಬೇರೆಯೇ ದಿಗಿಲು. “ಇಲ್ಲಿ ಟೀಸಿ ಕಿತ್ಕೊಂಡು, ಅಲ್ಲಿ ಸೀಟಿಲ್ಲ ಅಂದ್ಬುಟ್ರೆ ಎಂಗೆ? ನೀವೇ ಒಂದ್ಸಲ ಓಗಿ ಇಚಾರ್ಸ್ಕೊಂಡ್ ಬನ್ನಿ ಮೇಷ್ಟ್ರೇ. ನಿಮಗಾದ್ರೆ ಸರ್ಯಾಗಿ ಯೋಳ್ತಾರೆ.”

ಹೋದೆ. ಅದು ಶುಕ್ರವಾರ. ನಾಲ್ಕು ಸೀಟು ಉಳಿದಿವೆ ಎಂದರು. ಟಿ.ಸಿ. ಸೋಮವಾರ ತಂದುಕೊಟ್ಟರೂ ನಡೆಯುತ್ತದೆ ಎಂದರು. ಅಂದರೆ ಮಂಜುಳಾ ಹೆದರಿದ್ದ ಆ ನಡುನೀರಿನ ಸ್ಥಿತಿಯೇ ಇರಲಿಲ್ಲ. ಇದನ್ನೂ ನಾನು ಅವರಿಗೆ ಹೇಳಲಿಲ್ಲ.

ಮರುದಿನ ಶನಿವಾರ, ಬೆಳಗಿನ ಶಾಲೆ. ಇಬ್ಬರನ್ನೂ ಕರೆದುಕೊಂಡು ಬರುವ ಸರದಿ ನನ್ನದಾಗಿತ್ತು. ಶನಿವಾರದ ಬಿಳಿ ಬಟ್ಟೆಯಲ್ಲಿ ಕೈಕೈ ಹಿಡಿದು ಮುಂದೆ ನಡೆಯುತ್ತಿದ್ದರು — ಸಿಂಚನಾಳ ಫ್ರಾಕನ್ನು, ಬೆಳೆಯುವ ಹುಡುಗಿ ಎಂದು, ತಾಯಿ ನಾಲ್ಕು ಬೆರಳು ಅಂಚು ಒಳಕ್ಕೆ ಮಡಚಿ ಹೊಲಿದಿದ್ದರು. ಆ ದಪ್ಪ ಅಂಚು ಅವಳ ಮೊಣಕಾಲಿಗೆ ಬಡಿಯುತ್ತಿದ್ದದ್ದು ಈಗಲೂ ಕಣ್ಣಿಗೆ ಕಟ್ಟುತ್ತದೆ. ಮಂಜುಳಾ ಕೊರಳಿಗೆ ಅಳತೆ ಟೇಪು ಹಾಕಿಕೊಂಡು ಬಾಗಿಲಲ್ಲೇ ನಿಂತಿದ್ದರು.

“ಏನಂದ್ರು ಮೇಷ್ಟ್ರೇ?”

ತುಂಬೋಯ್ತು. ಅಥವಾ — ತುಂಬೋಯ್ತಂತೆ.

“ಅಯ್ಯೋ! ಮತ್ತೆ ಅದಿತಿಗೆ?”

“ನೋಡ್ಬೇಕು,” ಎಂದೆ.

ಸೋಮವಾರ ಅದಿತಿಯ ಟಿ.ಸಿ. ತೆಗೆದುಕೊಂಡೆ. ಯಾರೋ ಒಬ್ಬರು ಬಿಟ್ಟರು, ಕೊನೆಯ ಸೀಟು ನಮಗೆ ಸಿಕ್ಕಿತು ಎಂದು ಮಂಜುಳಾಗೆ ಹೇಳಿದೆ. “ಒಬ್ರಿಗಾದ್ರೂ ಸಿಕ್ತಲ್ಲ ಬುಡಿ,” ಎಂದರು. ಹೊಟ್ಟೆಕಿಚ್ಚಿನ ಒಂದು ಎಳೆಯೂ ಆ ಮಾತಿನಲ್ಲಿರಲಿಲ್ಲ. ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತೇನೋ.

ಮುಂದಿನ ವರ್ಷ ಬೀದಿಯ ಶಾಲೆಯಿಂದ ಒಬ್ಬ ಶಿಕ್ಷಕಿಯನ್ನು ಬೇರೆ ಕಡೆಗೆ ಹಾಕಿದರು. ಉಳಿದ ಮುಖ್ಯೋಪಾಧ್ಯಾಯಿನಿಯೇ ಐದೂ ತರಗತಿಗಳನ್ನು ಒಂದು ಕೋಣೆಯಲ್ಲಿ ಕೂರಿಸಿಕೊಂಡು, ನಡುವೆ ಇಲಾಖೆಯ ಮಾಹಿತಿಯನ್ನೂ ತುಂಬಿ ಕಳಿಸುತ್ತಿದ್ದರು. ಸಿಂಚನಾ ಐದನೇ ತರಗತಿಗೆ ಬಂದರೂ ಒತ್ತಕ್ಷರ ಬಂದಲ್ಲಿ ತಡೆದು, ಉಸಿರು ತೆಗೆದುಕೊಂಡು ಓದುತ್ತಿದ್ದಳು. ಅವರ ಬಾಗಿಲ ಮುಂದೆ ಹಾದುಹೋಗುವಾಗ ಕೇಳಿಸುತ್ತಿತ್ತು. ನಾನು ನಡಿಗೆ ಜೋರು ಮಾಡುತ್ತಿದ್ದೆ.

ಕಳೆದ ತಿಂಗಳು, ಮಕ್ಕಳಿಬ್ಬರೂ ಏಳನೇ ತರಗತಿ ಮುಗಿಸಿದ ಮೇಲೆ, ಮಂಜುಳಾ ಮಗಳನ್ನು ಕರೆದುಕೊಂಡು ನಮ್ಮ ಮನೆಗೆ ಬಂದರು.

“ಐಸ್ಕೂಲ್ಗೆ ಇಂಗ್ಲಿಷ್ ಮೀಡಿಯಂ ಸೇರ್ಸ್ಲಾ ಬ್ಯಾಡ್ವಾ, ನಿಮ್ಮನ್ನೇ ಕೇಳ್ಮ ಅಂತ ಬಂದೆ ಮೇಷ್ಟ್ರೇ. ಅವತ್ತೂ ನಮಗೋಸ್ಕರ ಬಿಸ್ಲಲ್ಲಿ ಅಷ್ಟು ದೂರ ಓಗಿದ್ರಿ. ಶನ್ವಾರ ಮಕ್ಳನ್ನ ಕರ್ಕೊಂಡ್ ಬಂದು ಯೋಳುದ್ರಿ ನೋಡಿ — ನನಗಿಂತ ನೀವೇ ಬೇಜಾರ್ ಮಾಡ್ಕೊಂಡಿದ್ರಿ. ಇನ್ನೂ ಗ್ಯಾಪ್ಕ ಅದೆ ನಂಗೆ.”

ಸಿಂಚನಾ ನೆಲ ನೋಡುತ್ತ ಹೇಳಿದಳು: “ನಂಗೆ ಅದಿತಿ ತರ ಮಾತಾಡಕ್ ಬರಲ್ಲ ಅಂಕಲ್. ಎಲ್ರೂ ನಗ್ತಾರೆ.”

ನಾನು ಏನು ಉತ್ತರ ಕೊಟ್ಟೆ? ‘ಯೋಚಿಸಿ ಹೇಳ್ತೀನಿ’ ಎಂದಿರಬೇಕು. ಆಮೇಲೆ ಎರಡು ದಿನ ಮಂಜುಳಾ ಅವರ ನೆನಪಿನಲ್ಲೇ ಬದುಕಲು ನೋಡಿದೆ. ಅವರ ನೆನಪಿನಲ್ಲಿ ನಾನು ಒಳ್ಳೆಯವನು, ನೊಂದುಕೊಂಡವನು. ನನ್ನ ನೆನಪೇ ತಪ್ಪಿರಬಾರದೇಕೆ? ಆದರೆ ಇಬ್ಬರ ನೆನಪೂ ಒಂದು ವಿಷಯದಲ್ಲಿ ಸೇರುತ್ತಿತ್ತು — ಅದು ಶನಿವಾರ.

ಹೇಳಿಬಿಡಬೇಕು ಎಂದುಕೊಂಡೆ. ಕಾರಣವನ್ನೂ ಸಿದ್ಧ ಮಾಡಿಕೊಂಡೆ: ಭಯ. ಉಳಿದದ್ದು ನಾಲ್ಕೇ ಸೀಟು, ಮಂಜುಳಾಗೆ ತಿಳಿದರೆ ಬೀದಿಗೆಲ್ಲ ತಿಳಿಯುತ್ತದೆ, ನನ್ನ ಮಗಳದ್ದು ಇನ್ನೂ ಕೈಸೇರಿರಲಿಲ್ಲ. ‘ನೋಡ್ಬೇಕು’ ಎಂದಿದ್ದೆನಲ್ಲ — ಅದೇ ಸಾಕ್ಷಿ. ತಂದೆಯೊಬ್ಬನ ಭಯವನ್ನು ಯಾರಾದರೂ ಅರ್ಥಮಾಡಿಕೊಂಡಾರು.

ಆದರೆ ಅದರ ಕೆಳಗೆ ಇನ್ನೊಂದು ಇತ್ತು, ಇದೆ. ಆ ದಿನಗಳಲ್ಲಿ ಅದಿತಿ ಸಿಂಚನಾಳ ಹಾಗೆ ಮಾತಾಡತೊಡಗಿದ್ದಳು — “ಅಂಗಲ್ಲಪ್ಪ, ಇಂಗೆ.” ನನ್ನ ಹೆಂಡತಿ ವೀಣಾ ರೇಗುತ್ತಿದ್ದಳು: “ನಿನ್ನ ಹಕಾರ ಎಲ್ಲೇ ಹೋಯ್ತು, ಬೀದೀಲಿ ಬಿದ್ದೋಯ್ತಾ?” ನಾನು ನಕ್ಕು, “ಬಿಡು, ಅದೂ ಕನ್ನಡವೇ,” ಎನ್ನುತ್ತಿದ್ದೆ. ಈ ಮಾತನ್ನು ತರಗತಿಯಲ್ಲೂ ಹೆಮ್ಮೆಯಿಂದ ಹೇಳಿಕೊಂಡಿದ್ದೇನೆ. ಹೇಳಿಕೊಳ್ಳದೆ ಬಿಟ್ಟದ್ದು ಇಷ್ಟು: ಸಂಜೆ ಅದಿತಿಯನ್ನು ಪಕ್ಕ ಕೂರಿಸಿಕೊಂಡು ಹಸು, ಹಲಗೆ, ಹೂವು ಎಂದು ಒತ್ತಿ ಒತ್ತಿ ಹೇಳಿಸುತ್ತಿದ್ದವನು ನಾನೇ. ಹೊಸ ಶಾಲೆಯಲ್ಲಿ ಈ ಇಬ್ಬರೂ ಒಂದೇ ಬೆಂಚಿನಲ್ಲಿ ಕೂರುವುದು ಬೇಡ ಎಂದು ನನಗೆ ಅನ್ನಿಸಿತ್ತೇ? ನೆನಪಿಲ್ಲ. ನೆನಪಿಲ್ಲದಿರುವುದು ನನಗೆ ಅನುಕೂಲವೂ ಹೌದು.

ತಿಳಿಯಲು ಒಂದೇ ದಾರಿ ಇತ್ತು. ಶನಿವಾರ ಅದಿತಿಯ ಸೀಟು ಇನ್ನೂ ಅತಂತ್ರವಾಗಿದ್ದರೆ ಅದನ್ನು ಭಯ ಎನ್ನಬಹುದು. ಅಷ್ಟರಲ್ಲೇ ಸೀಟು ಕೈಸೇರಿದ್ದರೆ — ಉಳಿಯುವುದು ಆ ಬೆಂಚು ಮಾತ್ರ.

ಹೈಸ್ಕೂಲಿಗೆ ಬೇಕಾದ ಅದಿತಿಯ ಟಿ.ಸಿ. ತರಲು ನಿನ್ನೆ ಅವಳ ಶಾಲೆಗೆ ಹೋಗಿದ್ದೆ. ‘ದಾಖಲಾದ ದಿನಾಂಕ’ ಎಂಬ ಸಾಲಿನ ಮೇಲೆ ಕಣ್ಣು ನಿಂತಿತು. ಮೊಬೈಲಿನಲ್ಲಿ ಆ ವರ್ಷದ ಕ್ಯಾಲೆಂಡರ್ ತೆಗೆದು ನೋಡಿದೆ. ನಂಬದೆ, ಹಳೆಯ ಪ್ರವೇಶ ಅರ್ಜಿ ತೋರಿಸಿ ಎಂದು ಕೇಳಿದೆ. “ಈಗ್ಯಾಕ್ ಸಾರ್ ಅದು?” ಎಂದು ಗೊಣಗುತ್ತಲೇ ಮುಖ್ಯ ಶಿಕ್ಷಕಿ ಬೀರುವಿನ ತಳದಿಂದ ಕಡತ ಎಳೆದು, ಧೂಳು ಕೊಡವಿ ಮುಂದಿಟ್ಟರು.

ನಾಳೆ ಮಂಜುಳಾ ಅವರ ಮನೆಗೆ ಹೋಗುತ್ತೇನೆ. ಸಿಂಚನಾ ಕೂಡ ಅಲ್ಲಿರಲಿ. ಅವರು ಏನು ಹೇಳಿದರೂ, ಏನೂ ಹೇಳದೆ ಬಾಗಿಲು ಹಾಕಿಕೊಂಡರೂ, ‘ಅಂತೆ’ಗೆ ಜಾಗವೇ ಇಲ್ಲದ ಈ ಒಂದು ಮಾತನ್ನು ಮೊದಲು ಹೇಳಬೇಕು: ಅರ್ಜಿಯ ಕೊನೆಯಲ್ಲಿ ‘ದಾಖಲಿಸಿಕೊಳ್ಳಲಾಗಿದೆ’ ಎಂದಿದೆ; ಅದರ ಕೆಳಗೆ ನನ್ನ ಸಹಿ ಇದೆ; ಸಹಿಯ ಕೆಳಗೆ ನಾನೇ ನನ್ನ ಕೈಯಾರೆ ಬರೆದ ದಿನಾಂಕ — ಶುಕ್ರವಾರದ್ದು.