ದಕ್ಷನ ತಲೆಯೂ ಈರಣ್ಣ ಕಾಕಾ ಅವರ ಬೆಳಗಿನ ನಡಿಗೆಯೂ

ಪುಣೆಯ ರವಿವಾರ ಪೇಠೆಯಲ್ಲಿ ನಾವಿದ್ದ ವಾಡೆಯ ವಠಾರದಲ್ಲಿ ಕನ್ನಡ ಮಾತಾಡುವ ಮನೆ ಎರಡೇ. ಒಂದು ನಮ್ಮದು, ಇನ್ನೊಂದು ಈರಣ್ಣ ಕಾಕಾ ಅವರದು. ಕಾಕಾ ಅಥಣಿ ಕಡೆಯವರು, ಒಂದು ಅರಿವೆ ಅಂಗಡಿಯಲ್ಲಿ ಗುಮಾಸ್ತರು. ಬೆಳಗ್ಗೆ ಗಾದಿಯ ಮೇಲೆ ಕಾಲು ಮಡಚಿ ಕೂತರೆ ಏಳುವುದು ದೀಪ ಹಚ್ಚುವ ಹೊತ್ತಿಗೆ. ಆದರೆ ಅದು ಹೊಟ್ಟೆಪಾಡು. ಯಾರಾದರೂ ನೀವು ಯಾರು ಎಂದು ಕೇಳಿದರೆ ಅವರು ಗುಮಾಸ್ತ ಎಂದು ಹೇಳುತ್ತಿರಲಿಲ್ಲ. ಪುರವಂತ ಎನ್ನುತ್ತಿದ್ದರು.

ನಮ್ಮ ಲಿಂಗಾಯತರಲ್ಲಿ ವೀರಭದ್ರ ಮನೆದೇವರಾಗಿದ್ದರೆ ಮದುವೆಗೆ ಮೊದಲು ಗುಗ್ಗಳದ ಮೆರವಣಿಗೆ ಹೊರಡಬೇಕು. ಬೆಂಕಿಯ ಕೊಡದ ಮುಂದೆ, ಕೆಂಪು ಅರಿವೆ ಉಟ್ಟು, ಎದೆಗೆ ದೇವರ ಹಿತ್ತಾಳೆ ಮುಖ ಕಟ್ಟಿಕೊಂಡು, ಖಡ್ಗ ಹಿಡಿದು ಕುಣಿಯುವವನು ಪುರವಂತ. ಕುಣಿಯುತ್ತಲೇ ದಕ್ಷಯಜ್ಞದ ಕಥೆಯನ್ನು ಒಡಪಿನಲ್ಲಿ ಹೇಳುತ್ತಾನೆ. ಒಡಪು ಅಂದರೆ ಉಸಿರು ಕಟ್ಟಿ, ಗುಡುಗಿದಂತೆ ಹೇಳುವ ಮಾತು. ಕೈಯಲ್ಲಿ ಹಾಳೆ ಹಿಡಿಯುವಂತಿಲ್ಲ, ನಡುವೆ ನಿಂತು ಕೆಮ್ಮುವಂತಿಲ್ಲ. ಒಂದೊಂದು ಒಡಪು ಮುಗಿದಾಗಲೂ ಜನ ‘ಖಡೇ ಖಡೇ’ ಎಂದು ಕೂಗುತ್ತಾರೆ, ಸಮಾಳದವನು ಡೋಲು ಬಾರಿಸುತ್ತಾನೆ. ಆ ಸಮಾಳದವನು ನಾನು, ಶಿವಪ್ಪ. ಹಗಲೆಲ್ಲ ಸರಕಾರಿ ಕಚೇರಿಯಲ್ಲಿ ಕಾರಕೂನ.

ಸಾವಿರದ ಒಂಬೈನೂರ ಇಪ್ಪತ್ತೆಂಟನೇ ಇಸವಿಯ ಸುಮಾರು. ಕಾಕಾ ಅವರಿಗೆ ಐವತ್ತು ದಾಟಿತ್ತು. ಹೊಟ್ಟೆ ಗಾದಿಯ ಕಡೆ ವಾಲಿತ್ತು. ನೂಲಿನ ವ್ಯಾಪಾರಿ ಕಾಡಪ್ಪ ಸಾವಕಾರರು ನಮ್ಮ ಸಮಾಜದ ಹಿರಿಯರು. ಆ ವರ್ಷ ಕಾರ್ತೀಕ ಮುಗಿದ ಮೇಲೆ ಅವರ ಮಗನ ಮದುವೆ. ಗುಗ್ಗಳದಲ್ಲಿ ಕಾಕಾ ಚೆನ್ನಾಗಿಯೇ ಶುರು ಮಾಡಿದರು. ಅರ್ಧ ದಾರಿಯಲ್ಲಿ ಏದುಸಿರು ಬಂತು. ದಕ್ಷ ಶಿವನಿಗೆ ಅವಮಾನ ಮಾಡಿದ, ವೀರಭದ್ರ ಬಂದ, ದಕ್ಷನ ತಲೆ ಹಾರಿಸಿದ. ಅಲ್ಲಿಗೆ ಕಾಕಾ ಅವರ ಕಣ್ಣು ಕತ್ತಲಿಟ್ಟಿತು. ದಕ್ಷನ ಹೆಂಡತಿ ಬೇಡಿಕೊಳ್ಳುವುದು, ವೀರಭದ್ರ ಕರಗಿ ಟಗರಿನ ತಲೆ ತಂದು ಇಡುವುದು, ದಕ್ಷ ಎದ್ದು ಕೂರುವುದು, ಎಲ್ಲವನ್ನೂ ಬಿಟ್ಟು ಅವರು ನೇರ ಮಂಗಳದ ಹಾಡಿಗೆ ಹೋಗಿಬಿಟ್ಟರು.

ಅಂದರೆ, ಶುಭಕಾರ್ಯದಲ್ಲಿ ಹೆಣ್ಣಿನ ತಂದೆಯ ತಲೆ ತೆಗೆದು, ಮರಳಿ ಇಡದೆ ಮನೆಗೆ ಬಂದರು.

ದಕ್ಷ ಶಿವನ ಮಾವ ತಾನೇ? ಇಲ್ಲಿಯ ಮಾವ ಸೊಲ್ಲಾಪುರದ ಬೀಗರು. ಊರು ಮುಟ್ಟುವಷ್ಟರಲ್ಲಿ ಅವರ ಕುತ್ತಿಗೆ ಹಿಡಿದುಕೊಂಡಿತು. ಅವರು ರೈಲಿನಲ್ಲಿ ದೌಂಡದಿಂದ ಸೊಲ್ಲಾಪುರದವರೆಗೆ ತಲೆ ಜೋತುಬಿಟ್ಟು ಗೊರಕೆ ಹೊಡೆದದ್ದನ್ನು ಜೊತೆಯಲ್ಲಿದ್ದವರೇ ಹೇಳಿದರು. ಕೇಳುವವರು ಯಾರು? ಈರಣ್ಣ ತಲೆ ಇಡಲಿಲ್ಲ, ಅದಕ್ಕೇ ಹೀಗಾಯಿತು ಎಂದು ಪುಣೆಯ ಕನ್ನಡ ಮನೆಗಳೆಲ್ಲ ತೀರ್ಮಾನ ಮಾಡಿದವು.

ಕಾಡಪ್ಪ ಸಾವಕಾರರು ಕಾಕಾ ಅವರನ್ನು ಕರೆಸಿದರು. ನಾನೂ ಹೋಗಿದ್ದೆ.

“ಈರಣ್ಣ, ತಪ್ಪ ತಿಳ್ಕೋಬ್ಯಾಡ. ವಯಸ್ಸಾತು ನಿನಗ. ಸೊಲ್ಲಾಪುರದಾಗ ಒಬ್ಬ ತರುಣ ಪುರವಂತ ಇದ್ದಾನಂತ. ವೈಶಾಖದಾಗ ನಮ್ಮ ಪಾರವ್ವನ ಮದುವಿ ಅದ. ಆವಾಗ ಹೆಣ್ಣಿನ ಅಪ್ಪ ನಾನು. ತಲಿ ನಂದದ.”

“ಸಾವಕಾರ್ರ, ನಮ್ಮಪ್ಪನ ಕಾಲದಿಂದ ನಿಮ್ಮ ಮನಿ ಗುಗ್ಗಳ ನಮ್ಮದು. ಇದೊಂದು ಸಲ ನೋಡ್ರಿ.”

ಸಾವಕಾರರು ಲೆಕ್ಕದ ಪುಸ್ತಕ ಮುಚ್ಚಿದರು. “ಆತು. ಆದ್ರ ಮತ್ತ ತಪ್ಪಿದ್ರ ಖಡ್ಗ ಕೆಳಗ ಇಡಬೇಕು. ಇನ್ನೊಮ್ಮಿ ಎತ್ತಬಾರದು.”

ಆ ಖಡ್ಗ ಕಾಕಾ ಅವರಿಗೆ ಅಪ್ಪನಿಂದ ಬಂದದ್ದು. ಮಕ್ಕಳಿರಲಿಲ್ಲ. ಅದನ್ನು ಕೆಳಗಿಟ್ಟರೆ ಉಳಿಯುವುದು ಗಾದಿ ಮತ್ತು ಅದರ ಮೇಲೆ ಕೂತ ಒಬ್ಬ ಮುದುಕ, ಅಷ್ಟೇ.

ಐವತ್ತು ದಾಟಿದ ಗಂಡಸರಿಗೆ ಒಂದು ಹುಚ್ಚಿರುತ್ತದೆ. ಮೂವತ್ತು ವರ್ಷ ಕೂತು ಕಳೆದದ್ದನ್ನು ಮೂರೇ ವಾರದಲ್ಲಿ ವಸೂಲು ಮಾಡುತ್ತೇವೆ ಎನ್ನುವ ಹುಚ್ಚು. ನನಗೂ ಈಗ ಆ ವಯಸ್ಸು ದಾಟಿರುವುದರಿಂದ ಧೈರ್ಯವಾಗಿ ಹೇಳುತ್ತಿದ್ದೇನೆ. ಕಾಕಾ ಮರುದಿನವೇ ಪೈಲವಾನರ ತಾಲೀಮಿಗೆ ಹೋದರು. ಲಂಗೋಟಿ ಕಟ್ಟಿದರು, ದಂಡ ಹೊಡೆದರು, ಬೈಠಕ್ ತೆಗೆದರು, ಬಾದಾಮಿ ಅರೆಸಿ ಹಾಲಿನಲ್ಲಿ ಕುಡಿದರು. ವಾರ ತುಂಬುವ ಮೊದಲೇ ನಡು ಹಿಡಿದು, ಟಾಂಗಾದಲ್ಲಿ ಮಲಗಿಸಿಕೊಂಡು ಬರಬೇಕಾಯಿತು.

ಅವರ ಹೆಂಡತಿ ಕಾಶವ್ವ ಕಾಕು ಬಿಸಿ ಉಪ್ಪಿನ ಗಂಟಿನಿಂದ ಶಾಖ ಕೊಡುತ್ತ ಕೂತಿದ್ದರು. ಸಣ್ಣ ಆಳು, ದೊಡ್ಡ ದನಿ.

“ಇಪ್ಪತ್ತರಾವ ಮಾಡೂದನ್ನ ಐವತ್ತರಾವ ಮಾಡಿದ್ರ ನಡ ಉಳೀತದೇನ್ರಿ?”

“ಮತ್ತೇನ ಮಾಡ್ಲಿ? ಉಸಿರ ಸಾಲೂದಿಲ್ಲ. ಉಸಿರ ಹೋತಂದ್ರ ನೆನಪೂ ಹೋಗ್ತದ.”

“ಕುಂತು ಕುಂತು ಉಸಿರ ಗಿಡ್ಡ ಆಗೇದ. ಮೊದಲ ನಡೀರಿ. ಇನ್ನ ನೆನಪಿಂದು ನನ್ನ ಕೇಳ್ರಿ. ಒಡಪು ನಿಮ್ಮ ನಾಲಗಿಗೆ ಗೊತ್ತದ, ತಲಿಗೆ ಗೊತ್ತಿಲ್ಲ. ಸುರುದಿಂದ ಬಂದ್ರ ತಾನ ಬರ್ತದ. ನಡುವ ಕೇಳಿದ್ರ ಬರೂದಿಲ್ಲ. ಹೇಳ್ರಿ ನೋಡೋಣು, ದಕ್ಷನ ತಲಿ ಬಿದ್ದಮ್ಯಾಲೆ ಅವನ ಹೆಂಡತಿ ಏನಂತಾಳ?”

ಕಾಕಾ ಮೊದಲಿನಿಂದ ಪಿಸುಗುಟ್ಟುತ್ತ ಬರತೊಡಗಿದರು. ಕಾಕು ಬಿಡಲಿಲ್ಲ. ಆ ಮಾತನ್ನು ತಾವೇ ಗಡಗಡ ಹೇಳಿ ಮುಗಿಸಿದರು. ನಾನು ಬಾಗಿಲಲ್ಲಿ ನಿಂತವನು ಬೆಪ್ಪಾದೆ. ಗಂಡನ ಹೆಸರು ಹೇಳುವ ಒಡಪು ಬೇರೆ; ಪುರವಂತರ ಒಡಪನ್ನು ಹೆಣ್ಣುಮಕ್ಕಳು ಹೇಳಿದ್ದನ್ನು ಯಾರೂ ಕೇಳಿರಲಿಲ್ಲ.

“ಇಷ್ಟು ವರ್ಷ ರೊಟ್ಟಿ ಬಡಕೊಂತ ಕೇಳೀನಿ. ಆಕಿ ಮಾತು ಬಂದಾಗ ನಿಮಗ ಯಾವತ್ತೂ ಅವಸರ” ಎಂದರು ಕಾಕು, ಉಪ್ಪಿನ ಗಂಟನ್ನು ಸ್ವಲ್ಪ ಜೋರಾಗಿಯೇ ಒತ್ತುತ್ತ.

ನಡು ಬಿಟ್ಟ ಮೇಲೆ ಹೊಸ ಪದ್ಧತಿ ಶುರುವಾಯಿತು. ಬಾದಾಮಿ ಹಾಲು ನಿಂತಿತು, ಸಂಜೆಯ ಊಟ ಬೇಗ ಆಯಿತು, ರೊಟ್ಟಿಯ ಮೇಲಿನ ತುಪ್ಪ ಕಡಿಮೆಯಾಯಿತು. ಅಂಗಡಿಯಲ್ಲಿ ಅರಿವೆಯ ಥಾನು ಬೇಕೆಂದರೆ ಆಳನ್ನು ಕೂಗದೆ ಕಾಕಾ ತಾವೇ ಎದ್ದು ಮೇಲಿನ ಹಲಗೆಯಿಂದ ಇಳಿಸತೊಡಗಿದರು. ಮಾಲಕರು ಇದೇನು ಹೊಸ ಸೊಕ್ಕು ಎಂದು ನೋಡಿದರಂತೆ. ದಿನಾ ಬೆಳಗ್ಗೆ ಗಂಡ ಹೆಂಡತಿ ಇಬ್ಬರೂ ಪರ್ವತಿ ಗುಡ್ಡಕ್ಕೆ ಹೋಗಬೇಕು, ಮೆಟ್ಟಿಲು ಹತ್ತುತ್ತ ಕಾಕಾ ಒಡಪು ಹೇಳಬೇಕು, ಇಳಿಯುವಾಗ ಕಾಕು ನಡುನಡುವಿನಿಂದ ಕೇಳಬೇಕು. ಜೊತೆಗೆ, ಕಾಕಾ ಇದುವರೆಗೆ ಕಲಿಯದ ಒಂದು ಹೊಸ ಒಡಪನ್ನೂ ಕಲಿಯಬೇಕು. ಹಳೆಯದನ್ನೇ ತಿರುವಿದರೆ ತಲೆಗೆ ತುಕ್ಕು ಹಿಡಿಯುತ್ತದೆ ಎಂಬುದು ಕಾಕು ಅವರ ವಾದ.

ವಾಡೆಯ ಹೆಂಗಸರು ನಕ್ಕರು. ಈ ವಯಸ್ಸಿನಲ್ಲಿ ಗಂಡ ಹೆಂಡತಿ ಜೋಡಿಯಾಗಿ ತಿರುಗಾಡಲು ಹೋಗುತ್ತಾರೆ ಎಂದು ಗೋದಾಬಾಯಿ ನಲ್ಲಿಯ ಹತ್ತಿರ ಸಾರಿದಳು. ಕಾಕು ಕೊಡ ತುಂಬಿಕೊಂಡು ಮೇಲೆ ಬಂದರು, ಅಷ್ಟೇ.

ರವಿವಾರ ನಾನೂ ಜೊತೆಗೆ ಹೋಗುತ್ತಿದ್ದೆ. ಪುಣೆಯ ಪೆನ್ಶನ್ ಪಡೆದವರೆಲ್ಲ ಬೆಳಗ್ಗೆ ಪರ್ವತಿಯ ಮೆಟ್ಟಿಲ ಮೇಲೆಯೇ ಸಿಗುತ್ತಿದ್ದರು, ಕಿವಿಗೆ ಮಫ್ಲರು, ಕೈಯಲ್ಲಿ ಕೋಲು. ಅವರ ನಡುವೆ ಒಬ್ಬ ದಪ್ಪನೆಯ ಮನುಷ್ಯ “ಎಲೆಲೆ ದಕ್ಷಾ!” ಎಂದು ಅಬ್ಬರಿಸುತ್ತ, ಏದುತ್ತ ಹತ್ತುವುದನ್ನು ನೋಡಿ ಅವರಿಗೆ ದಿಗಿಲು. ಒಬ್ಬ ಮುದಿ ಮಾಸ್ತರರು ತಡೆಯಲಾರದೆ ಕಾಕು ಅವರನ್ನು ಕೇಳಿಯೇಬಿಟ್ಟರು: “ಹೇ ರೋಜ ಕೊಣಾಶೀ ಭಾಂಡತಾತ, ಬಾಯಿ?” ಇವರು ದಿನಾ ಯಾರ ಜೊತೆ ಜಗಳ ಆಡುತ್ತಾರೆ ಎಂದು. ಕಾಕು “ಸಾಸರ್ಯಾಶೀ” ಎಂದರು, ಮಾವನ ಜೊತೆ. ಮಾಸ್ತರರು ಎಲ್ಲ ತಿಳಿದವರಂತೆ ತಲೆಯಾಡಿಸಿ ಮುಂದೆ ಹೋದರು.

ಮೊದಮೊದಲು ಕಾಕಾ ಅರ್ಧಕ್ಕೇ ಕೂತುಬಿಡುತ್ತಿದ್ದರು. ಆಮೇಲೆ ಮೊಣಕಾಲ ಮೇಲೆ ಕೈಯಿಟ್ಟು ಹತ್ತಿದರು. ದಕ್ಷನ ತಲೆ ಬೀಳುವ ಹೊತ್ತಿಗೆ ತುದಿಯ ಮೆಟ್ಟಿಲುಗಳು ಬರುತ್ತಿದ್ದವು, ಉಸಿರು ಪೂರ್ತಿ ಮುಗಿದಿರುತ್ತಿತ್ತು.

“ಇಲ್ಲಿ ನೀವು ಸ್ವಲ್ಪ ನಿಂದರ್ರಿ, ದಮ್ಮ ತಗೋರಿ. ಆಕಿ ಮಾತು ನಾ ಹೇಳ್ತೀನಿ” ಎನ್ನುತ್ತಿದ್ದರು ಕಾಕು.

ಅವರು ಹೇಳುತ್ತಿದ್ದರು, ಕಾಕಾ ನಿಂತು ಉಸಿರು ತಗೊಂಡು ಕೇಳುತ್ತಿದ್ದರು, ಆಮೇಲೆ ಟಗರಿನ ತಲೆ ಇಟ್ಟು ಮೇಲೆ ಹತ್ತುತ್ತಿದ್ದರು. ದಿನವೂ ಇದೇ. ಹೋಳಿಯ ಹೊತ್ತಿಗೆ ಮೊಣಕಾಲಿನ ಮೇಲಿದ್ದ ಕೈ ಬಿಟ್ಟಿತು. ಎಲ್ಲಿಂದ ಕೇಳಿದರೂ ಅಲ್ಲಿಂದ ಒಡಪು ಬರತೊಡಗಿತು. ಹೊಟ್ಟೆ ಪೂರ್ತಿ ಹೋಗಲಿಲ್ಲ, ಆದರೆ ಅವರ ಜೊತೆ ಬರಲು ಕಲಿಯಿತು.

ವೈಶಾಖದಲ್ಲಿ ಪಾರವ್ವನ ಮದುವೆ ಬಂತು. ಬೆಳಗಿನ ಬಿಸಿಲಿಗೆ ಗುಗ್ಗಳ ಹೊರಟಿತು. ಕಾಡಪ್ಪ ಸಾವಕಾರರು ಯಾವುದಕ್ಕೂ ಇರಲಿ ಎಂದು ಸೊಲ್ಲಾಪುರದ ತರುಣನನ್ನೂ ಕರೆಸಿ, ಕೆಂಪು ಅರಿವೆ ಉಡಿಸಿ, ಬಾಗಿಲಲ್ಲಿ ನಿಲ್ಲಿಸಿದ್ದರು. ಕಾಕಾ ಅವನನ್ನು ನೋಡಲೂ ಇಲ್ಲ.

ಆ ದಿನ ಅವರು ಕುಣಿದ ಹಾಗೆ ನಾನು ಅವರನ್ನು ಎಂದೂ ಕಂಡಿರಲಿಲ್ಲ. ತರುಣರ ಜಿಗಿತವಲ್ಲ, ಎಲ್ಲಿ ಕಾಲು ಊರಬೇಕೋ ಅಲ್ಲಿ ಊರಿದರು. ಒಂದು ಮಾತೂ ಮುಗ್ಗರಿಸಲಿಲ್ಲ. ಖಡ್ಗ ಎತ್ತಿ ನಿಂಬೆಹಣ್ಣು ಹೋಳು ಮಾಡಿದರು. ದಕ್ಷನ ತಲೆ ಬಿತ್ತು. ಜನ ‘ಖಡೇ ಖಡೇ’ ಎಂದರು.

ಆಮೇಲೆ ಕಾಕಾ ಖಡ್ಗದ ತುದಿ ನೆಲಕ್ಕೆ ಊರಿ ಸುಮ್ಮನೆ ನಿಂತುಬಿಟ್ಟರು.

ನಾನು ಸಮಾಳವನ್ನು ಮೆಲ್ಲಗೆ ಬಾರಿಸುತ್ತ ಹೊತ್ತು ನೂಕಿದೆ. ಜನ ಒಬ್ಬರ ಮುಖ ಒಬ್ಬರು ನೋಡಿದರು. ಸಾವಕಾರರ ಕೈ ತಾನಾಗಿ ಕುತ್ತಿಗೆಗೆ ಹೋಯಿತು. ಸೊಲ್ಲಾಪುರದವನು ಒಂದು ಹೆಜ್ಜೆ ಮುಂದೆ ಇಟ್ಟ. ಮುಗಿಯಿತು ಎಂದುಕೊಂಡು ನಾನು ಕಾಕಾ ಅವರ ಮುಖ ನೋಡಿದೆ. ಮರೆತವನ ಮುಖದಲ್ಲಿ ಒಂದು ಹುಡುಕಾಟ ಇರುತ್ತದಲ್ಲ, ಅದು ಇರಲಿಲ್ಲ. ಅವರು ಆರಾಮಾಗಿ ಉಸಿರು ತಗೊಳ್ಳುತ್ತಿದ್ದರು, ಪರ್ವತಿಯ ತುದಿ ಮೆಟ್ಟಿಲಲ್ಲಿ ನಿಂತ ಹಾಗೆ. ಆಗ ನನಗೆ ಹೊಳೆಯಿತು. ಮರೆತಿರಲಿಲ್ಲ, ಕಾಯುತ್ತಿದ್ದರು.

ಹೆಂಗಸರ ಸಾಲಿನಲ್ಲಿ ಆರತಿ ತಟ್ಟೆ ಹಿಡಿದು ನಿಂತಿದ್ದ ಕಾಶವ್ವ ಕಾಕು, ತಾವೆಲ್ಲಿದ್ದೇವೆ ಎಂಬುದನ್ನೇ ಮರೆತು ಬಾಯಿ ತೆರೆದರು.

“ಸೊಕ್ಕಿನವನೇ ನನ್ನ ಗಂಡ, ವೀರಾ! ಸೊಕ್ಕು ಇಳಿಯಿತು, ಸಾಕು ಮಾಡು. ತಲೆಯಿಲ್ಲದವನ ಮುಂದೆ ಎಡೆ ಹೇಗಿಡಲಿ? ಯಾರಿಗೆ ಕೂಗಿ ಊಟಕ್ಕೆ ಕರೆಯಲಿ? ಯಾವ ತಲೆಯಾದರೂ ಕೊಡು ವೀರಾ, ನನ್ನ ಮಾತು ಕೇಳುವ ಕಿವಿ ಎರಡಿದ್ದರೆ ಸಾಕು!”

ಮೊದಲು ‘ಖಡೇ ಖಡೇ’ ಎಂದವರು ಹೆಂಗಸರು. ಕಾಕಾ ಖಡ್ಗ ಎತ್ತಿದರು, ಟಗರಿನ ತಲೆ ತಂದರು, ದಕ್ಷನನ್ನು ಎಬ್ಬಿಸಿ ಕೂರಿಸಿ, ಒಂದಕ್ಷರ ಬಿಡದೆ ಮಂಗಳ ಹಾಡಿದರು.

ಹಿರಿಯರು ಗುಸುಗುಸು ಎಂದರು. ಹೆಣ್ಣುಮಗಳು ಒಡಪು ಹೇಳಬಹುದೇ? ಕಾಡಪ್ಪ ಸಾವಕಾರರು ಕುತ್ತಿಗೆಯನ್ನು ಎಡಕ್ಕೂ ಬಲಕ್ಕೂ ತಿರುಗಿಸಿ ನೋಡಿಕೊಂಡರು.

“ಕಥಿಯಾಗ ಬೇಡ್ಕೊಂಡಾಕಿ ಹೆಣ್ಣಮಗಳು, ಇಲ್ಲೂ ಹೆಣ್ಣಮಗಳು. ತಲಿ ಹೆಗಲ ಮ್ಯಾಲೆ ಅದ. ಮಾತ ಮುಗೀತು” ಎಂದರು.

ಸೊಲ್ಲಾಪುರದವನು ಹೊಟ್ಟೆ ತುಂಬ ಹೋಳಿಗೆ ಉಂಡು ರೈಲು ಹತ್ತಿದ.

ಮನೆಗೆ ಬಂದ ಮೇಲೆ ಕಾಕು ಹರಿಹಾಯ್ದರು. “ಮಂದಿ ಮುಂದ ನನ್ನ ಮರ್ಯಾದಿ ಕಳದ್ರಿ! ಯಾಕ ನಿಂತ್ರಿ?”

“ನೀ ಹೇಳ್ತಿ ಅಂತ ನಿಂತೆ. ದಿನಾ ನೀನ ಹೇಳ್ತಿದ್ದಿ” ಎಂದರು ಕಾಕಾ.

ಕಾಕು ಒಳಗೆ ಹೋದರು; ಆ ರಾತ್ರಿ ಕಾಕಾ ಅವರ ರೊಟ್ಟಿಯ ಮೇಲೆ ತುಪ್ಪ ಹೆಚ್ಚಿತ್ತು.

ಅಂದಿನಿಂದ ಪುಣೆಯ ನಮ್ಮ ಮನೆಗಳಲ್ಲಿ ಗುಗ್ಗಳ ಎಂದರೆ ಇಬ್ಬರಿಗೂ ಕರೆ. ತಲೆ ಬಿದ್ದ ಮೇಲೆ ಕಾಕಾ ನಿಲ್ಲಬೇಕು, ಕಾಕು ಬೇಡಬೇಕು. ಕಾಕಾ ಅರವತ್ತು ದಾಟಿದರು. ಅವರ ಓರಗೆಯವರು ಹೆಸರು ಮರೆತು, ಕೋಲು ಮರೆತು, ದಾರಿ ಮರೆತು ಕೂತಿದ್ದಾಗ ಇವರು ವರ್ಷಕ್ಕೊಂದು ಹೊಸ ಒಡಪು ಕಲಿತರು. ನಲವತ್ತೆರಡರ ಚಳವಳಿಯ ಗದ್ದಲದಲ್ಲಿ ಪೊಲೀಸರು ರಸ್ತೆ ಕಟ್ಟಿದ ದಿನಗಳನ್ನು ಬಿಟ್ಟರೆ ಪರ್ವತಿ ತಪ್ಪಲಿಲ್ಲ.

ನಲವತ್ನಾಲ್ಕರ ಮಳೆಗಾಲದಲ್ಲಿ ಜ್ವರ ಬಂದು ಕಾಶವ್ವ ಕಾಕು ಲಿಂಗೈಕ್ಯರಾದರು.

ಮುಂದಿನ ಮಾಘದಲ್ಲಿ ಕಾಡಪ್ಪ ಸಾವಕಾರರ ಮೊಮ್ಮಗಳ ಮದುವೆ. ಈರಣ್ಣ ಆ ಜಾಗಕ್ಕೆ ಬಂದು ನಿಂತುಬಿಡುತ್ತಾನೆ, ಪಾಪ, ಬೇರೆಯವರನ್ನು ಕರೆಸೋಣ ಎಂದು ಜನ ಮಾತಾಡಿಕೊಂಡರು. ಕಾಕಾ ತಾವೇ ಹೋಗಿ ಹೇಳಿದರು: “ನಾ ಬರ್ತೀನ್ರಿ.”

ಕುಣಿತ ನಿಧಾನವಾಗಿತ್ತು, ದನಿ ಇಳಿದಿರಲಿಲ್ಲ. ನಿಂಬೆಹಣ್ಣು ಹೋಳಾಯಿತು. ರೂಢಿಯಂತೆ ನಾನು ಸಮಾಳದ ಕೈ ತಗ್ಗಿಸಿದೆ. ಕಾಕಾ ನಿಲ್ಲಲಿಲ್ಲ. ‘ಸೊಕ್ಕಿನವನೇ ನನ್ನ ಗಂಡ, ವೀರಾ’ ಎಂದು ಶುರು ಮಾಡಿ, ಅವಸರವಿಲ್ಲದೆ, ಕಾಕು ಎಲ್ಲೆಲ್ಲಿ ದನಿ ಎತ್ತುತ್ತಿದ್ದರೋ ಅಲ್ಲಲ್ಲೇ ಎತ್ತಿ, ಕೊನೆಯ ಕಿವಿಯ ಮಾತಿನವರೆಗೆ ಹೇಳಿದರು. ನನ್ನ ಕಣ್ಣಲ್ಲಿ ನೀರು ಬಂದು ಸಮಾಳ ಕಾಣದಾಯಿತು.

ಎಲ್ಲ ಮುಗಿದ ಮೇಲೆ ಕಾಕಾ ಗೆಜ್ಜೆ ಬಿಚ್ಚುತ್ತಿದ್ದರು. ಸಾವಕಾರರು ಕೋಲೂರಿಕೊಂಡು ಹತ್ತಿರ ಬಂದರು. “ಈರಣ್ಣ, ಇದು ನಿನಗ ಪೂರಾ ಬರ್ತಿತ್ತಲ್ಲೋ. ಇಷ್ಟು ವರ್ಷ ಯಾಕ ಬಾಯಿ ಮುಚ್ಚಿ ನಿಂತಿ?”

“ಆಕಿ ಹೇಳೂದು ಕೇಳಬೇಕು ಅನಸ್ತಿತ್ರಿ” ಎಂದರು ಕಾಕಾ.

ಮರುದಿನ ಬೆಳಗ್ಗೆ ಅವರು ನನ್ನ ಬಾಗಿಲು ಬಡಿದರು. “ಶಿವಪ್ಪ, ಪರ್ವತಿಗೆ ಬರ್ತಿಯೇನು? ನಡುನಡುವ ಕೇಳಾಕ ಯಾರರೆ ಬೇಕು.”

ಹೋದೆ. ಅವರು ಒಡಪು ಹೇಳುತ್ತ ಹತ್ತಿದರು, ನಾನು ಹಿಂದೆ ಏದುತ್ತ ಹತ್ತಿದೆ. ತುದಿಯ ಮೆಟ್ಟಿಲುಗಳ ಬಳಿ ದಕ್ಷನ ತಲೆ ಬಿತ್ತು. ಅಲ್ಲಿ ಕಾಕಾ ನಿಂತರು. ಕಾಕು ಹೇಳುತ್ತಿದ್ದ ಆ ಮಾತು ನನಗೂ ಬರುತ್ತಿತ್ತು, ಆದರೆ ನಾನು ಹೇಳಲಿಲ್ಲ. ಅದು ಎಷ್ಟು ಉದ್ದವೋ ಅಷ್ಟು ಹೊತ್ತು ಅವರು ಸುಮ್ಮನೆ ನಿಂತಿದ್ದು, ಟಗರಿನ ತಲೆ ಇಟ್ಟು, ಮೇಲೆ ಹತ್ತಿದರು.